ರಾಮಾನುಜನ್ ಕೋಣೆಯ ಚಳಿ

ಶ್ರೀನಿವಾಸ ರಾಮಾನುಜನ್ ಎಂದರೆ ನಮಗೆ ನೆನಪಾಗುವುದು ಗಣಿತ. ಬಿ.ಇ. ಓದುವ ನಮ್ಮಂಥವರಿಗೆ ಅವರ ಸೂತ್ರಗಳ ಮೇಲೆ ಭಕ್ತಿಯೂ ಇದೆ, ಭಯವೂ ಇದೆ. ಆದರೆ ಪರದೇಶದಲ್ಲಿ ಅವರು ಅನುಭವಿಸಿದ ಒಂಟಿತನದ ಬಗ್ಗೆ ನಾವು ಮಾತನಾಡುವುದು ಕಡಿಮೆ.

ಕುಂಭಕೋಣಂನಲ್ಲಿ ಬೆಳೆದ ರಾಮಾನುಜನ್ ಗಣಿತವೊಂದನ್ನೇ ಹಚ್ಚಿಕೊಂಡು ಕಾಲೇಜು ಪರೀಕ್ಷೆಯಲ್ಲಿ ಫೇಲಾದವರು. ಮದ್ರಾಸ್ ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿದ್ದರು. ಪ್ರೊ. ಹಾರ್ಡಿ ಅವರನ್ನು ಇಂಗ್ಲೆಂಡಿಗೆ ಕರೆದಾಗ, ಸಮುದ್ರ ದಾಟಬಾರದೆಂಬ ಸಂಪ್ರದಾಯ ಅಡ್ಡ ಬಂತು. ಕೊನೆಗೆ ತಾಯಿ ಒಪ್ಪಿದರು. ಜುಟ್ಟು ಕತ್ತರಿಸಿಕೊಂಡು, 1914ರ ಮಾರ್ಚ್‌ನಲ್ಲಿ ಅವರು ಹಡಗು ಹತ್ತಿದರು.

ವೇಷ ಬದಲಾಯಿತು, ನಂಬಿಕೆ ಬದಲಾಗಲಿಲ್ಲ. ನಾಮಕ್ಕಲ್‌ನ ನಾಮಗಿರಿ ದೇವಿಯೇ ಅವರ ಆಸರೆ. ಸಸ್ಯಾಹಾರ ಬಿಡದ ಅವರು ಎಲ್ಲರೊಂದಿಗೆ ಕಾಲೇಜಿನ ಹಾಲ್‌ನಲ್ಲಿ ಕೂರದೆ, ಕೋಣೆಯಲ್ಲೇ ಅಡುಗೆ ಮಾಡಿ ಉಂಡರು. ಆಚಾರವೇನೋ ಉಳಿಯಿತು, ಆದರೆ ಊಟದ ಜೊತೆಗಿನ ಹರಟೆ ತಪ್ಪಿಹೋಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ತರಕಾರಿ ಸಿಗುವುದೂ ಕಷ್ಟವಾಯಿತು. ಊರಿನಲ್ಲಿ ಅತ್ತೆ–ಸೊಸೆಯ ಮನಸ್ತಾಪದಿಂದ ಪತ್ನಿ ಜಾನಕಿಯ ಪತ್ರಗಳು ಅವರ ಕೈಸೇರಲಿಲ್ಲ.

ಕೇಂಬ್ರಿಜ್‌ನಲ್ಲಿ ಅವರ ಗೆಳೆಯರಾಗಿದ್ದವರು ಮುಂದೆ ಹೆಸರಾಂತ ಸಂಖ್ಯಾಶಾಸ್ತ್ರಜ್ಞರಾದ ಪಿ.ಸಿ. ಮಹಾಲನೋಬಿಸ್. ರಾತ್ರಿ ಚಳಿಯಾಗುತ್ತದೆಯೇ ಎಂದು ಒಮ್ಮೆ ಅವರು ವಿಚಾರಿಸಿದರು. ರಾಮಾನುಜನ್ ಓವರ್‌ಕೋಟ್ ತೊಟ್ಟು, ಶಾಲು ಹೊದ್ದು ಮಲಗುತ್ತಿದ್ದರಂತೆ. ಮಹಾಲನೋಬಿಸ್ ಕೋಣೆಗೆ ಹೋಗಿ ನೋಡಿದರೆ, ಹಾಸಿಗೆಯಲ್ಲಿ ಕಂಬಳಿಗಳು ಬೇಕಾದಷ್ಟಿದ್ದವು. ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ್ದ ಆ ಕಂಬಳಿಗಳ ಒಳಗೆ ನುಸುಳಿ ಮಲಗಬೇಕೆಂಬುದು ರಾಮಾನುಜನ್‌ಗೆ ತಿಳಿದಿರಲಿಲ್ಲ. ಗೆಳೆಯ ತೋರಿಸಿಕೊಟ್ಟರು. ಆ ಚಳಿಗೆ ಪರಿಹಾರ ಸಿಕ್ಕಿತು.

ಮನಸ್ಸಿನ ಚಳಿ ಯಾರಿಗೂ ಕಾಣಲಿಲ್ಲ. 1917ರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ, ಆರೋಗ್ಯಧಾಮ ಸುತ್ತಿದರು. 1918ರಲ್ಲಿ ಲಂಡನ್ನಿನಲ್ಲಿ ಜೀವ ಕಳೆದುಕೊಳ್ಳಲು ಯತ್ನಿಸಿ, ಅದೃಷ್ಟವಶಾತ್ ಉಳಿದರು. ಅವರಿಗೆ ರಾಯಲ್ ಸೊಸೈಟಿಯ ಫೆಲೋ ಗೌರವ ಬಂದದ್ದೂ ಅದೇ ವರ್ಷ. ಜಗತ್ತು ಮೆಚ್ಚಿದ ಮಾತ್ರಕ್ಕೆ ಮನಸ್ಸು ನೆಮ್ಮದಿಯಾಗಿರುತ್ತದೆ ಎನ್ನಲಾಗದು. 1919ರಲ್ಲಿ ಊರಿಗೆ ಮರಳಿದ ಅವರು, 1920ರ ಏಪ್ರಿಲ್ 26ರಂದು ತೀರಿಕೊಂಡಾಗ ವಯಸ್ಸು ಬರೀ 32.

ಇಂದು ನಮ್ಮ ಎಷ್ಟೋ ಸೀನಿಯರ್‌ಗಳು ಎಂಎಸ್, ಕೆಲಸ ಎಂದು ಹೊರದೇಶಕ್ಕೆ ಹೋಗುತ್ತಾರೆ. ನಾಳೆ ನಾವೂ ಹೋಗಬಹುದು. ಪೂಜೆ, ಊಟ, ಭಾಷೆ ಬಿಟ್ಟುಕೊಡಬೇಕಿಲ್ಲ. ಅವುಗಳ ಜೊತೆಗೆ ಒಂದಿಬ್ಬರು ಗೆಳೆಯರೂ ಬೇಕು. ಕಷ್ಟವಾದರೆ ಹೇಳಿಕೊಳ್ಳಲು ನಾಚಿಕೆಪಡಬಾರದು. ಇಲ್ಲಿರುವ ನಾವು ಫೋನ್ ಮಾಡಿದಾಗ ಪ್ಯಾಕೇಜ್ ಎಷ್ಟೆಂದು ಕೇಳುವ ಮುಂಚೆ, ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಕೇಳೋಣ.