ಕುದ್ಮುಲ್ ರಂಗರಾಯರು: ತೆರೆದ ಬಾಗಿಲು ಸಾಲದೆಂದು ಅರಿತವರು

ಇಂದು ಕೇರಳಕ್ಕೆ ಸೇರಿರುವ ನಮ್ಮ ಕಾಸರಗೋಡು ಸೀಮೆಯಲ್ಲಿ, 1859ರ ಜೂನ್ 29ರಂದು ಜನಿಸಿದವರು ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣ ಕುಟುಂಬ, ಮನೆಯಲ್ಲಿ ಬಡತನ. ಹದಿಹರೆಯದಲ್ಲೇ ಮಂಗಳೂರು ಸೇರಿ, ತಿಂಗಳಿಗೆ ಎಂಟು ರೂಪಾಯಿಯ ಅಧ್ಯಾಪಕ ವೃತ್ತಿಯಲ್ಲಿದ್ದುಕೊಂಡೇ ಓದಿ ವಕೀಲರಾದರು. ಬ್ರಹ್ಮಸಮಾಜದ ಒಡನಾಟವೂ ದೊರೆಯಿತು.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿತ್ತು. ಜಾತಿಯ ಕಾರಣಕ್ಕೆ ಸರಕಾರಿ ಶಾಲೆಯಲ್ಲಿ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂಬ ತತ್ತ್ವವನ್ನು 1882ರ ಹಂಟರ್ ಆಯೋಗ ಎತ್ತಿ ಹಿಡಿದಿತ್ತು. ಕಾಗದದ ಮೇಲೆ ಸಮಾನತೆಗೇನೂ ಕೊರತೆಯಿರಲಿಲ್ಲ. ಅದೇ ಕಾಲದಲ್ಲಿ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನಾಗಿ ಸೇರಿದ ಅಕ್ಷರಸ್ಥ ದಲಿತ ಯುವಕನೊಬ್ಬ ಮೇಲ್ಜಾತಿಯವರ ಕಿರುಕುಳ ತಾಳಲಾರದೆ ಕೆಲಸ ಬಿಡಬೇಕಾಯಿತು. ಈ ಘಟನೆ ರಾಯರನ್ನು ಬಹಳವಾಗಿ ಕಲಕಿತೆಂದು ಅವರ ಜೀವನಕಾರರು ಹೇಳುತ್ತಾರೆ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆದರು. ಮೇಲ್ಜಾತಿಯ ಅಧ್ಯಾಪಕರು ಬರಲೊಪ್ಪಲಿಲ್ಲ. ಕ್ರೈಸ್ತ ಅಧ್ಯಾಪಕರು ಬಂದರು. ವಿರೋಧದಿಂದಾಗಿ ಶಾಲೆ ಜಾಗದಿಂದ ಜಾಗಕ್ಕೆ ಅಲೆದು, ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆನಿಂತಿತು. ಆದರೂ ಮಕ್ಕಳು ಬರಬೇಕಲ್ಲ? ದುಡಿಯುವ ಮಗುವನ್ನು ಶಾಲೆಗೆ ಕಳುಹಿಸಿದರೆ ಮನೆಯ ಗಂಜಿಗೇ ಕುಂದು. ರಾಯರು ಮಧ್ಯಾಹ್ನದ ಊಟ ಆರಂಭಿಸಿದರು. ಮಗುವನ್ನು ಕಳುಹಿಸಿದ ಹೆತ್ತವರಿಗೆ ದಿನಕ್ಕೆ ಎರಡು ಪೈಸೆಯನ್ನೂ ಕೊಟ್ಟರು. ಎಲ್ಲರಿಗೂ ಒಂದೇ ಬಾಗಿಲು ತೆರೆದಿಡುವುದು ಸಮಾನತೆ. ಆ ಬಾಗಿಲವರೆಗೆ ನಡೆದು ಬರಲಾಗದವನ ಕಾಲಿಗೆ ಬಲ ತುಂಬುವುದು ಸಮತೆ. ಅಧ್ಯಾಪಕ ಶಿಕ್ಷಣದ ಪಠ್ಯಗಳು ಪುಟಗಟ್ಟಲೆ ವಿವರಿಸುವ ಈ ಭೇದವನ್ನು ಆ ಎರಡು ಪೈಸೆಯಷ್ಟು ಸ್ಪಷ್ಟವಾಗಿ ಇನ್ನೊಂದು ತಿಳಿಸೀತೇ ಎಂಬುದು ನನಗೆ ಸಂದೇಹ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಬಡಗಿ ಕೆಲಸ, ನೇಯ್ಗೆಗಳ ತರಬೇತಿ, ವಸತಿಗೆ ನಿವೇಶನ, ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ಹೀಗೆ ಕೆಲಸ ವಿಸ್ತರಿಸಿತು. ಬಾಗಿಲು ತೆರೆದೇ ಇದೆಯಲ್ಲ, ಇವರಿಗೇಕೆ ವಿಶೇಷ ಸೌಲಭ್ಯ ಎಂಬ ಮಾತು ನಮ್ಮ ಕಾಲದಲ್ಲೂ ಕೇಳಿಬರುತ್ತದೆ. ರಾಯರು ಎದುರಿಸಿದ್ದು ಅದಕ್ಕಿಂತ ಕಠೋರವಾದುದನ್ನು: ಸ್ವಜಾತಿಯವರ ಬಹಿಷ್ಕಾರ. ಅವರು ಹಿಂಜರಿಯಲಿಲ್ಲ. ಮಗಳು ರಾಧಾಬಾಯಿ ಜಾತಿ ಮೀರಿ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತ್ಯದ ಪ್ರಧಾನಿಯಾದರು.

ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂದು ಮೊದಲೇ ತಿಳಿಸಿದ್ದರು, ಹಾಗೆಯೇ ನಡೆಯಿತು.