ದೊಡ್ಡ ಸಂಖ್ಯೆಗಳಿಗೆ ಹೆಸರಾದ ಸನ್ಯಾಸಿ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. 1588ರಲ್ಲಿ ಅದೇ ದಿನ ಫ್ರಾನ್ಸ್ ದೇಶದ ವಾಜೆ ಎಂಬ ಊರಿನ ಬಡ ಕುಟುಂಬವೊಂದರಲ್ಲಿ ಒಂದು ಗಂಡು ಮಗು ಹುಟ್ಟಿತು. ಅವರೇ ಮುಂದೆ ಗಣಿತ ಲೋಕದಲ್ಲಿ ಹೆಸರಾದ ಮರಾಂ ಮರ್ಸೆನ್.

ಯೇಸುಸಭೆಯ ಗುರುಗಳ ಲಾ ಫ್ಲೇಶ್ ಕಾಲೇಜಿನಲ್ಲಿ ಓದಿದ ಮರ್ಸೆನ್, ಪ್ಯಾರಿಸ್ಸಿನಲ್ಲಿ ದೈವಶಾಸ್ತ್ರ ಕಲಿತು 1611ರಲ್ಲಿ ಮಿನಿಮ್ ಸಭೆಯನ್ನು ಸೇರಿದರು. ಪಾವೋಲಾದ ಸಂತ ಫ್ರಾನ್ಸಿಸರು ಸ್ಥಾಪಿಸಿದ ಈ ಸಭೆಯ ಹೆಸರಿಗೆ 'ಅತಿ ಚಿಕ್ಕವರು' ಎಂದೇ ಅರ್ಥ. ಮಾಂಸ, ಮೊಟ್ಟೆ, ಹಾಲು ಇವರಿಗೆ ಆಗ ವರ್ಷವಿಡೀ ವರ್ಜ್ಯವಾಗಿತ್ತು.

1619ರಿಂದ ಸಾಯುವವರೆಗೂ ಪ್ಯಾರಿಸ್ಸಿನ ಮಠವೇ ಅವರ ಮನೆ. ವಿಜ್ಞಾನ ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ಅವರು ದೇಕಾರ್ತ್, ಫರ್ಮಾ ಮುಂತಾದವರಿಗೆ ಪತ್ರ ಬರೆಯುತ್ತಿದ್ದರು. ಒಬ್ಬರ ಪ್ರಶ್ನೆಯನ್ನು ಮತ್ತೊಬ್ಬರಿಗೆ ತಲುಪಿಸುತ್ತಿದ್ದರು. ಗೆಲಿಲಿಯೋಗೆ 1633ರಲ್ಲಿ ಶಿಕ್ಷೆಯಾದರೂ, ಮರುವರ್ಷವೇ ಆತನ ಯಂತ್ರಶಾಸ್ತ್ರವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು.

ಅವರ ಹೆಸರು ಉಳಿದದ್ದು ಅವಿಭಾಜ್ಯ ಸಂಖ್ಯೆಗಳಿಂದ. ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ. ಏಳು ಎರಡುಗಳನ್ನು ಗುಣಿಸಿದರೆ 128. ಒಂದು ಕಳೆದರೆ 127. ಇದು ಅವಿಭಾಜ್ಯ. ಹನ್ನೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. ಇದಾದರೋ 23 ಮತ್ತು 89ರ ಗುಣಲಬ್ಧ. ಹಾಗಾದರೆ ಎಷ್ಟು ಎರಡುಗಳನ್ನು ಗುಣಿಸಿದಾಗ ಅವಿಭಾಜ್ಯ ಸಿಗುತ್ತದೆ? 1644ರಲ್ಲಿ ಮರ್ಸೆನ್ 257ರವರೆಗಿನ ಉತ್ತರಗಳ ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257.

ಕಾಗದ, ಲೇಖನಿಗಳಷ್ಟೇ ಇದ್ದ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆಗಳನ್ನೆಲ್ಲ ಪರೀಕ್ಷಿಸಲು ಸಾಧ್ಯವಿರಲಿಲ್ಲ. ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು. 67 ಮತ್ತು 257 ಇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದವು. ಆದರೆ 39 ಅಂಕಿಗಳ ಸಂಖ್ಯೆ ಕೊಡುವ 127 ಸರಿಯೆಂದು 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞರು ಸಾಧಿಸಿದರು. 67ರಿಂದ ಬರುವ 21 ಅಂಕಿಗಳ ಸಂಖ್ಯೆಯನ್ನು 1903ರಲ್ಲಿ ಕೋಲ್ ಎಂಬ ಪ್ರಾಧ್ಯಾಪಕರು ಎರಡು ಅಪವರ್ತನಗಳಾಗಿ ಒಡೆದು ತೋರಿಸಿದರು. ಇಡೀ ಪಟ್ಟಿ ತಿದ್ದಿ ಮುಗಿದದ್ದು 1947ರಲ್ಲಿ, ಮುನ್ನೂರು ವರ್ಷಗಳ ನಂತರ!

ಪಟ್ಟಿ ತಪ್ಪಾದರೂ ಆ ಸಂಖ್ಯೆಗಳಿಗೆ ಮರ್ಸೆನ್ ಹೆಸರೇ ನಿಂತಿತು. 2024ರಲ್ಲಿ ಗಣಕಯಂತ್ರಗಳ ನೆರವಿನಿಂದ ಕಂಡುಹಿಡಿದ, ಅದುವರೆಗಿನ ಅತಿ ದೊಡ್ಡ ಅವಿಭಾಜ್ಯವೂ ಒಂದು ಮರ್ಸೆನ್ ಸಂಖ್ಯೆಯೇ. ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ.

1648ರ ಸೆಪ್ಟೆಂಬರ್ 1ರಂದು, ಅರುವತ್ತು ತುಂಬಲು ಒಂದು ವಾರವಿರುವಾಗ ಮರ್ಸೆನ್ ತೀರಿಕೊಂಡರು. ತಮ್ಮ ದೇಹವನ್ನು ಕೊಯ್ದು ಪರೀಕ್ಷಿಸಿ, ರೋಗದ ಕಾರಣ ತಿಳಿಯಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಅವರ ಕೋಣೆಯಲ್ಲಿ 78 ಮಂದಿ ಬರೆದ ಪತ್ರಗಳು ಸಿಕ್ಕವು.

ಪ್ರಿಯ ಓದುಗರೇ, ಎಲ್ಲ ಉತ್ತರಗಳೂ ನಮ್ಮಿಂದಲೇ ಬರಬೇಕೆಂದಿಲ್ಲ. ಒಳ್ಳೆಯ ಪ್ರಶ್ನೆಯೊಂದನ್ನು ಇತರರ ಕೈಗೆ ಕೊಟ್ಟು ಹೋಗುವುದೂ ಸೇವೆಯೇ. 'ಅತಿ ಚಿಕ್ಕವರ' ಸಭೆಯ ಈ ಸನ್ಯಾಸಿ ಮಾಡಿದ್ದು ಅದನ್ನೇ.