ಜರಿಗಿಡಗಳ ವಂಶಶೋಧಕ ಬೋವರ್

ಕೃಷ್ಣಾ-ಘಟಪ್ರಭೆಯರ ಸೀಮೆಯಾದ ಜಮಖಂಡಿ, ಮುಧೋಳಗಳ ಬಯಲಿನಲ್ಲಿ ವಿರಳವಾಗಿಯೂ ಸಹ್ಯಾದ್ರಿಯ ನೆರಳಿನಲ್ಲಿ ಹುಲುಸಾಗಿಯೂ ಬೆಳೆಯುವ ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿಗಂಟಿದ ಬೀಜಕಗಳೇ ಅದರ ಸಂತಾನಮೂಲ. ಇಂಥ ಗಿಡಗಳ ವಂಶಾವಳಿಯನ್ನು ಅರಸುವುದಕ್ಕೆ ಬಾಳನ್ನು ಮುಡಿಪಿಟ್ಟ ಮಹನೀಯರು ಫ್ರೆಡರಿಕ್ ಆರ್ಪೆನ್ ಬೋವರ್.

1855ರಲ್ಲಿ ಇಂಗ್ಲೆಂಡಿನ ರಿಪನ್ ಪಟ್ಟಣದಲ್ಲಿ ಜನಿಸಿದ ಅವರು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1885ರಿಂದ 1925ರವರೆಗೆ 40 ವರ್ಷ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಿಂದಿನ ವಿದ್ವಾಂಸರು ಬೀಜಕಗುಚ್ಛದ ಆಕಾರವನ್ನೂ ಅದರ ಹೊದಿಕೆಯನ್ನೂ ಮುಖ್ಯ ಲಕ್ಷಣವೆಂದೆಣಿಸಿ, ಬಹುಪಾಲು ಜರಿಗಿಡಗಳನ್ನು ಒಂದೇ ದೊಡ್ಡ ಕುಟುಂಬಕ್ಕೆ ಸೇರಿಸಿದ್ದರು. ರೂಪಸಾಮ್ಯವೆಲ್ಲ ವಂಶಸಂಬಂಧವಲ್ಲವೆಂಬುದು ಬೋವರರ ನಿಲುವು. ಬೀಜಕಕೋಶಗಳು ಮೂಡುವ ಕ್ರಮ, ಕಾಂಡದೊಳಗಿನ ನಾಳರಚನೆ, ಶಿಲೆಯಲ್ಲುಳಿದ ಪ್ರಾಚೀನ ಅವಶೇಷ ಮುಂತಾದ ಹಲವು ಸಾಕ್ಷ್ಯಗಳನ್ನು ಒಟ್ಟಿಗೆ ತೂಗಿ, 1923, 1926 ಮತ್ತು 1928ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿ, ಆ ಕುಟುಂಬವು ಹಲವು ವಂಶಗಳ ಕೂಟವೆಂದು ಪ್ರತಿಪಾದಿಸಿದರು. ಕೊನೆಯ ಸಂಪುಟ ಹೊರಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು.

1948ರಲ್ಲಿ ಹುಟ್ಟೂರಿನಲ್ಲಿಯೇ ಅವರು ಕೀರ್ತಿಶೇಷರಾದರು. ಮುಂದೆ ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಅವರ ಕೆಲವು ನಿರ್ಣಯಗಳು ನಿಲ್ಲಲಿಲ್ಲ. ಬೇರೆಬೇರೆ ಮೂಲದವೆಂದು ಅವರೆಣಿಸಿದ್ದ ಹಲವು ಕುಲಗಳು ಒಂದೇ ಮೂಲದಿಂದ ಕವಲೊಡೆದವೆಂದು ಕಂಡುಬಂದಿತು. ಆದರೆ ವರ್ಗೀಕರಣವು ವಂಶವನ್ನು ಅನುಸರಿಸಬೇಕೆಂಬ ಅವರ ಸೂತ್ರ ಉಳಿಯಿತು. ಹಿರಿಯರ ತಪ್ಪನ್ನು ಕಿರಿಯರು ತಿದ್ದಿದ್ದು ಆ ಸೂತ್ರವನ್ನು ಹಿಡಿದೇ.